ನಡುಸಾಲಿನ ಪರವಾಗಿ

ಪ್ರಾಚೀನ ಯುದ್ಧದ ಕಂಪ್ಯೂಟರ್ ಆಟದಲ್ಲಿ ಕಾರ್ಥೇಜ್ ಪಡೆ ನನ್ನದಾದರೆ, ಹಗುರ ಕಾಲಾಳುಗಳನ್ನೇ ನಡುವೆ ನಿಲ್ಲಿಸುತ್ತೇನೆ. ‘ಪಾಪ, ಅವರನ್ನು ಬಲಿ ಕೊಡ್ತೀಯಲ್ಲೋ’ ಎಂದು ಗೆಳೆಯರ ಆಕ್ಷೇಪ.

ಕ್ರಿ.ಪೂ. 216ರ ಕ್ಯಾನೆ ಕದನವೇ ನನ್ನ ಉತ್ತರ. ದಕ್ಷಿಣ ಇಟಲಿಯ ಔಫಿಡಸ್ ನದಿಯ ಬಳಿ ಕಾರ್ಥೇಜ್‌ನ ಸೇನಾಪತಿ ಹ್ಯಾನಿಬಲ್ ಗಾಲ್ ಮತ್ತು ಸ್ಪೇನಿನ ಯೋಧರನ್ನು ಬಿಲ್ಲಿನಂತೆ ಮುಂದಕ್ಕೆ ಬಾಗಿಸಿ ನಿಲ್ಲಿಸಿದ. ರೋಮನ್ನರು ಒತ್ತಿದಷ್ಟೂ ಆ ಸಾಲು ಹಿಂದೆ ಸರಿಯಿತು. ಅವರು ಒಳನುಗ್ಗಿದಾಗ ಎರಡೂ ತುದಿಯ ಆಫ್ರಿಕಾದ ಕಾಲಾಳುಗಳು ಪಕ್ಕದಿಂದ ತಿರುಗಿಬಿದ್ದರು. ರೋಮನ್ ಸವಾರರನ್ನು ಚದುರಿಸಿ ಬಂದ, ಹ್ಯಾನಿಬಲ್‌ನ ದಳಪತಿ ಹಸ್ದ್ರುಬಲ್‌ನ ಕುದುರೆಪಡೆ ಬೆನ್ನಿಗೆ ಎರಗಿತು. ಹ್ಯಾನಿಬಲ್ ತಾನೇ ಆ ನಡುಭಾಗದಲ್ಲಿ ಇದ್ದನೆಂದು ಪ್ರಾಚೀನ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಬಲಿ ಕೊಡುವ ಸೇನಾಪತಿ ಅಲ್ಲಿ ನಿಲ್ಲುವುದಿಲ್ಲ!

ಒಂದು ಮಾತು: ಹ್ಯಾನಿಬಲ್‌ನ ಬಳಿ ಸುಮಾರು 10,000 ಕುದುರೆಗಳಿದ್ದವು, ರೋಮನ್ನರ ಬಳಿ ಸುಮಾರು 6,000. ಕುದುರೆಬಲವಿಲ್ಲದೆ ಈ ವ್ಯೂಹ ಹೂಡಬೇಡಿ.