ಕೂರಿಗೆ ಭತ್ತ: ತಾಂತ್ರಿಕತೆ, ತರಬೇತಿ ಮತ್ತು ಹವಾಮಾನ ನೀತಿ

ಭತ್ತದ ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿಗೆ ಆಮ್ಲಜನಕ ದೊರೆಯುವುದಿಲ್ಲ. ಅಂತಹ ಸ್ಥಿತಿಯಲ್ಲಿ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ಉತ್ಪಾದಿಸುತ್ತವೆ. ನೂರು ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ ಒಂದು ಕಿಲೋ ಮೀಥೇನ್ ಸುಮಾರು 27 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ತಾಪವನ್ನು ಹೆಚ್ಚಿಸುತ್ತದೆ. ಆದರೆ ತುಂಗಭದ್ರಾ ಅಚ್ಚುಕಟ್ಟಿನ ಕೊನೆಯ ಭಾಗದ ರೈತರು ಕೂರಿಗೆ ಬಿತ್ತನೆಯತ್ತ ಒಲಿದದ್ದು ಮೀಥೇನ್ ಕಾರಣದಿಂದಲ್ಲ. ಕಾಲುವೆ ನೀರು ತಡವಾಗಿ ಬರುತ್ತಿತ್ತು, ನಾಟಿಗೆ ಆಳು ಸಿಗುತ್ತಿರಲಿಲ್ಲ. ಹವಾಮಾನದ ವಿಷಯವನ್ನು ತಿಳಿಸುವ ವಿಸ್ತರಣಾ ಕಾರ್ಯಕರ್ತರು ಇಲ್ಲಿಂದಲೇ ಆರಂಭಿಸುವುದು ಸೂಕ್ತ.

ಕೂರಿಗೆ ಭತ್ತದಲ್ಲಿ ಸಸಿಮಡಿ, ಕೆಸರು ಮಾಡುವುದು, ನಾಟಿ ಯಾವುದೂ ಇಲ್ಲ. ಮುಂಗಾರಿನ ಹದ ನೋಡಿ 2 ರಿಂದ 3 ಸೆಂ.ಮೀ. ಆಳಕ್ಕೆ ಬಿತ್ತಲಾಗುತ್ತದೆ. ವಿಧಾನ ಸರಳವೆನಿಸಿದರೂ ಅದರ ಕಲಿಕೆ ಸರಳವಲ್ಲ. ಇದುವರೆಗೆ ನಿಂತ ನೀರು ಅದುಮಿಟ್ಟಿದ್ದ ಕಳೆಯು ಇಲ್ಲಿ ಬೆಳೆಯೊಂದಿಗೇ ಮೊಳೆಯುತ್ತದೆ. ಬಿತ್ತಿದ 2-3 ದಿನಗಳೊಳಗೆ, ಮಣ್ಣಿನಲ್ಲಿ ತೇವಾಂಶವಿರುವಾಗ ಪೆಂಡಿಮೆಥಾಲಿನ್ ಸಿಂಪಡಿಸಬೇಕು. ಅಗತ್ಯವಿದ್ದಲ್ಲಿ 20 ದಿನಗಳ ಆಸುಪಾಸಿನಲ್ಲಿ, ಕಳೆ ಎಳೆಯದಿರುವಾಗಲೇ ಬಿಸ್‌ಪೈರಿಬ್ಯಾಕ್ ಸೋಡಿಯಂ ಬಳಸಬೇಕು. ನಮ್ಮ ಆರಂಭದ ತರಬೇತಿಗಳಲ್ಲಿ ಬಿತ್ತನೆಗೆ ಅರ್ಧ ದಿನ, ಕಳೆಗೆ ಹತ್ತು ನಿಮಿಷ ಮೀಸಲಿಟ್ಟಿದ್ದೆವು. ಕಳೆಗೆ ಸೋತ ಕೆಲವು ರೈತರು ಮರುವರ್ಷ ನಾಟಿಗೇ ಮರಳಿದರು. ಆ ತಪ್ಪು ತಾಂತ್ರಿಕತೆಯದಲ್ಲ, ಕಲಿಸಿದ ನಮ್ಮದು.

ಇನ್ನೊಂದು ಸಂಗತಿ ಎಲೆ ಹಳದಿಯಾಗುವುದು. ಹಳೆಯ ಎಲೆಗಳು ಮೊದಲು ಹಳದಿಯಾದರೆ ಅದು ಸಾರಜನಕದ ಕೊರತೆ. ಎಳೆಯ ಎಲೆಗಳು ಹಳದಿಯಾದರೆ, ವಿಶೇಷವಾಗಿ ಸುಣ್ಣಾಂಶವುಳ್ಳ ಕಪ್ಪು ಮಣ್ಣಿನಲ್ಲಿ, ಅದು ಬಹುತೇಕ ಕಬ್ಬಿಣದ ಕೊರತೆ. ಇದಕ್ಕೆ ಪ್ರತಿ ಲೀಟರ್ ನೀರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್ ಮತ್ತು 2.5 ಗ್ರಾಂ ಸುಣ್ಣ ಬೆರೆಸಿ, ಸೋಸಿ ಸಿಂಪಡಿಸಬೇಕು. ಈ ವ್ಯತ್ಯಾಸ ತಿಳಿಯದೆ ಹಾಕಿದ ಯೂರಿಯಾದ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹೊರಹೋಗುತ್ತದೆ. ಇದು ಮೀಥೇನ್‌ಗಿಂತಲೂ ಪ್ರಬಲ ಅನಿಲ. ಮೀಥೇನ್ ತಗ್ಗಿಸಿ ಗಳಿಸಿದ್ದನ್ನು ಹೀಗೆ ಕಳೆದುಕೊಳ್ಳುವ ಸಾಧ್ಯತೆಯಿದೆ.

ನೀತಿಯ ಕಡೆಯೂ ಒಂದು ತೊಡಕಿದೆ. 2008ರ ರಾಷ್ಟ್ರೀಯ ಹವಾಮಾನ ಬದಲಾವಣೆ ಕ್ರಿಯಾ ಯೋಜನೆಯ ಎಂಟು ಅಭಿಯಾನಗಳಲ್ಲಿ ಜಲ ಮತ್ತು ಸುಸ್ಥಿರ ಕೃಷಿ ಎರಡೂ ಸೇರಿವೆ. ಆದರೆ ನಮ್ಮಲ್ಲಿ ಕಾಲುವೆ ನೀರಿನ ಕರ ಎಕರೆ ಲೆಕ್ಕದ್ದು. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಮೇಲ್ಭಾಗದ ರೈತ ನೀರು ಉಳಿಸಿದರೆ ಅವನ ಖರ್ಚು ತಗ್ಗದು, ಲಾಭ ಕೊನೆಯ ಭಾಗದವನಿಗೆ. ಆದ್ದರಿಂದ ಒಬ್ಬೊಬ್ಬ ರೈತನಿಗೆ ಪ್ರತ್ಯೇಕ ತರಬೇತಿ ನೀಡುವುದಕ್ಕಿಂತ, ನೀರು ಬಳಕೆದಾರರ ಸಹಕಾರ ಸಂಘದ ಮೂಲಕ ಒಂದು ತೂಬಿನ ಎಲ್ಲ ರೈತರನ್ನೂ ಒಟ್ಟಿಗೆ ಕೂರಿಸುವುದು ಮೇಲು.

ನಾಟಿ ಪದ್ಧತಿಯನ್ನೇ ಮುಂದುವರಿಸುವವರು 30 ಸೆಂ.ಮೀ. ಉದ್ದದ ಕೊಳವೆಯ ಕೆಳಗಿನ ಅರ್ಧಕ್ಕೆ ರಂಧ್ರ ಮಾಡಿ, ಆ ಭಾಗವನ್ನು ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣನ್ನು ತೆಗೆಯಬೇಕು. ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ಹಾಯಿಸಬಹುದು. ಹೂ ಬಿಡುವ ಹಿಂದು-ಮುಂದಿನ ಒಂದೊಂದು ವಾರ ಮಾತ್ರ ನೀರು ನಿಲ್ಲಿಸುವುದು ಕಡ್ಡಾಯ.

ಇಂಗಾಲದ ಹಣ ಕೊಡಿಸುವುದಾಗಿ ಹೇಳುವವರು ಬಂದರೆ, ಅಳತೆಯ ವೆಚ್ಚ ಯಾರದು, ಕರಾರು ಎಷ್ಟು ವರ್ಷದ್ದು ಎಂಬುದನ್ನು ಕೇಳಿ ತಿಳಿದ ನಂತರವೇ ಸಹಿ ಮಾಡಬೇಕು. ನೀರು ಹಾಯಿಸಿದ ದಿನಾಂಕಗಳನ್ನು ಈ ಹಂಗಾಮಿನಿಂದಲೇ ಬರೆದಿಡುವುದು ಒಳಿತು.