ಗೂಡಿಗೆ ಲೆಕ್ಕವಿತ್ತು, ಹಾಡಿಗಿರಲಿಲ್ಲ

ತೊಂಬತ್ತರ ದಶಕದ ರಾಮನಗರದಲ್ಲಿ ಲೆಕ್ಕಕ್ಕೇನೂ ಬರವಿರಲಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ದಿನವೂ ಹರಾಜು. ರೈತ ತಂದು ಸುರಿದ ಒಂದೊಂದು ಲಾಟಿಗೂ ಒಂದು ನಂಬರು. ಯಾವ ರೀಲರ್ ಕೂಗಿದ, ಕಿಲೋಗೆ ಎಷ್ಟಕ್ಕೆ ನಿಂತಿತು, ತೂಕ ಎಷ್ಟು ಬಂತು ಎಂಬುದೆಲ್ಲ ಚೀಟಿಗೇರುತ್ತಿತ್ತು. ಕನಿಷ್ಠ, ಗರಿಷ್ಠ, ಸರಾಸರಿ ದರ ಪತ್ರಿಕೆಯಲ್ಲಿ ಬರುತ್ತಿತ್ತು. ಕನಕಪುರ, ಮಾಗಡಿ ಕಡೆಯ ಹಳ್ಳಿಗಳಲ್ಲಿ ಹುಳು ಹಣ್ಣಾಗುವ ಹೊತ್ತಿಗೆ ಮನೆಮಂದಿಗೆಲ್ಲ ಪೇಟೆಯ ದರ ಬಾಯಿಗೆ ಬಂದಿರುತ್ತಿತ್ತು. ಅದೇ ಪೇಟೆಯಲ್ಲಿ ಕ್ಯಾಸೆಟ್ ಅಂಗಡಿಗಳೂ ಇದ್ದವು. ಗಾಜಿನ ಕಪಾಟಿನ ತುಂಬ ಸಿನಿಮಾ ಹಾಡು, ಭಾವಗೀತೆ, ದೇವರ ಹಾಡು, ಹರಿಕಥೆ. ಆದರೆ ಈ ವಾರ ಯಾವ ಹಾಡು ಹೆಚ್ಚು ಹೋಯಿತು, ಹೋದ ವಾರದ್ದು ಎಷ್ಟು ಕೆಳಗಿಳಿಯಿತು ಎಂದು ಯಾರೂ ಬರೆದಿಡಲಿಲ್ಲ. ಅದೇ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಪ್ರತಿ ಭಾನುವಾರ ಬಿಬಿಸಿ ರೇಡಿಯೊ 1 ವಾಹಿನಿ ಆ ವಾರ ಹೆಚ್ಚು ಮಾರಾಟವಾದ 40 ಹಾಡುಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹೇಳುತ್ತಿತ್ತು, ಇಡೀ ದೇಶ ಕಿವಿಗೊಡುತ್ತಿತ್ತು. ಈ ವ್ಯತ್ಯಾಸಕ್ಕೆ ನಮ್ಮಲ್ಲಿ ಎರಡು ಸುಲಭದ ವಿವರಣೆಗಳು ಓಡಾಡುತ್ತವೆ: ಅವರು ಮುಂದುವರಿದವರು, ನಾವು ಹಿಂದುಳಿದವರು ಎಂಬುದು ಒಂದು, ನಾವು ಹಾಡನ್ನು ಓಟದ ಕುದುರೆ ಮಾಡದ ಪುಣ್ಯವಂತರು ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಲೆಕ್ಕ ಹುಟ್ಟುವುದು ಅದು ಬೇಕಾದವರ ಕೈಯಲ್ಲಿ ಅಧಿಕಾರವಿದ್ದಾಗ. ಗೂಡಿನ ಲೆಕ್ಕ ಬೇಕಾದವರು ಇಲ್ಲಿ ಬಲವಾಗಿದ್ದರು. ಗೂಡನ್ನು ಸರ್ಕಾರಿ ಮಾರುಕಟ್ಟೆಯ ಕಟ್ಟಿಗೆ ತಂದದ್ದು 1959ರ ಕಾಯ್ದೆ. ಹಾಡಿನ ಲೆಕ್ಕ ಬೇಕಾಗಿದ್ದವರು ಮಾತ್ರ ಬಲವಿಲ್ಲದವರಾಗಿದ್ದರು.

ಬ್ರಿಟನ್ನಿನ ಪಟ್ಟಿಯೂ ಸಂಗೀತಪ್ರೇಮದಿಂದ ಹುಟ್ಟಿದ್ದಲ್ಲ. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆಗೆ ಜಾಹೀರಾತು ಬೇಕಿತ್ತು, ಓದುಗರು ಬೇಕಿತ್ತು. ಅಲ್ಲಿನ ಪರ್ಸಿ ಡಿಕಿನ್ಸ್ ಸುಮಾರು 20 ಅಂಗಡಿಗಳಿಗೆ ಫೋನ್ ಮಾಡಿ ಯಾವ ರೆಕಾರ್ಡು ಹೆಚ್ಚು ಹೋಗುತ್ತಿದೆ ಎಂದು ಕೇಳಿ ಬರೆದುಕೊಂಡರು. 1952ರ ನವೆಂಬರ್ 14ರ ಸಂಚಿಕೆಯಲ್ಲಿ ಮೊದಲ ಪಟ್ಟಿ ಅಚ್ಚಾಯಿತು. ತೊಂಬತ್ತರ ದಶಕಕ್ಕೆ ಬರುವಷ್ಟರಲ್ಲಿ ಅದೊಂದು ದೊಡ್ಡ ಯಂತ್ರವೇ ಆಗಿತ್ತು. ಗ್ಯಾಲಪ್ ಸಂಸ್ಥೆ, 1994ರಿಂದ ಮಿಲ್ವರ್ಡ್ ಬ್ರೌನ್, ಅಂಗಡಿಗಳ ಗಲ್ಲಾದಿಂದಲೇ ಮಾರಾಟದ ಅಂಕಿಗಳನ್ನು ಎತ್ತಿಕೊಳ್ಳುತ್ತಿದ್ದವು. 1991ರಲ್ಲಿ ಬ್ರಯಾನ್ ಆಡಮ್ಸ್‌ನ ಒಂದೇ ಹಾಡು ಸತತ 16 ವಾರ ಮೊದಲ ಸ್ಥಾನ ಬಿಡಲಿಲ್ಲ. 1995ರ ಆಗಸ್ಟ್ 14ರಂದು ಬ್ಲರ್ ಮತ್ತು ಒಯಾಸಿಸ್ ತಂಡಗಳು ಒಂದೇ ದಿನ ಹಾಡು ಬಿಡುಗಡೆ ಮಾಡಿದಾಗ ಆ ಪೈಪೋಟಿ ಟಿವಿಯ ಮುಖ್ಯ ವಾರ್ತೆಗೇ ಏರಿತು. ಬ್ಲರ್‌ನದು 2,74,000 ಪ್ರತಿ, ಒಯಾಸಿಸ್‌ನದು 2,16,000 ಪ್ರತಿ ಮಾರಾಟ. ಇಷ್ಟು ಕರಾರುವಾಕ್ಕಾದ ಲೆಕ್ಕಕ್ಕೆ ಕಾರಣ ಅಲ್ಲಿ ಮಾರಾಟಕ್ಕಿದ್ದ ವಸ್ತು. ‘ಸಿಂಗಲ್’ ಎಂದರೆ ಒಂದು ಹಾಡು, ಹಿಂಬದಿಗೆ ಇನ್ನೊಂದೆರಡು. ಕೊಂಡವನು ಯಾವ ಹಾಡಿಗಾಗಿ ದುಡ್ಡು ಕೊಟ್ಟ ಎಂಬುದರಲ್ಲಿ ಅನುಮಾನವೇ ಇಲ್ಲ.

ನಮ್ಮಲ್ಲಿ ಮಾರಾಟಕ್ಕಿದ್ದದ್ದು ಇಡೀ ಸಿನಿಮಾದ ಕ್ಯಾಸೆಟ್. 1987ರ ‘ಪ್ರೇಮಲೋಕ’ದ ನಂತರ ಕನ್ನಡ ಕ್ಯಾಸೆಟ್ ವ್ಯಾಪಾರದ ಗತಿಯೇ ಬದಲಾಯಿತು, ಹಂಸಲೇಖರ ಸಂಗೀತ, ಲಹರಿ ಸಂಸ್ಥೆಯ ಕ್ಯಾಸೆಟ್ ಹಳ್ಳಿಹಳ್ಳಿಗೂ ಹೋದವು. ಆದರೆ ಆ ಕ್ಯಾಸೆಟ್ ಕೊಂಡವರು ಅದರ ಯಾವ ಹಾಡಿಗೆ ಮನಸೋತಿದ್ದರು ಎಂಬುದನ್ನು ಮಾರಾಟದ ಅಂಕಿ ಹೇಳಲಾರದು. ಎ ಸೈಡಿನಲ್ಲಿ ಒಂದು ಚಿತ್ರ, ಬಿ ಸೈಡಿನಲ್ಲಿ ಮತ್ತೊಂದು ಚಿತ್ರ ಇದ್ದರಂತೂ ಯಾವ ಚಿತ್ರಕ್ಕಾಗಿ ಕೊಂಡರು ಎಂಬುದೂ ತಿಳಿಯದು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಆಡಿಯೊ ಹಕ್ಕನ್ನು ಕಂಪನಿ ನಿರ್ಮಾಪಕರಿಂದ ಒಂದೇ ಗಂಟಿಗೆ ಕೊಳ್ಳುವುದು ರೂಢಿಯಾಗಿತ್ತು. ಹಾಡು ಬರೆದವರಿಗೆ, ರಾಗ ಕಟ್ಟಿದವರಿಗೆ, ಹಾಡಿದವರಿಗೆ ಕೆಲಸ ಮುಗಿದಾಗ ಸಿಕ್ಕ ಸಂಭಾವನೆಯೇ ಸಾಮಾನ್ಯವಾಗಿ ಕೊನೆಯದು. ಕಾನೂನೂ ಹಾಗೆಯೇ ಇತ್ತು: ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಚಿತ್ರಕ್ಕಾಗಿ ಮಾಡಿಸಿದ ಹಾಡಿನ ಹಕ್ಕು ನಿರ್ಮಾಪಕರದೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಪ್ರಕರಣದಲ್ಲಿಯೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಹಾಡುವವರಿಗೆ ನಮ್ಮ ಕಾಯ್ದೆಯಲ್ಲಿ ಹಕ್ಕೇ ಇಲ್ಲವಲ್ಲ ಎಂದು ಪ್ರತ್ಯೇಕವಾಗಿ ಬರೆದು ನೊಂದುಕೊಂಡರು. ಒಂದು ಹಾಡು ಸಾವಿರ ಪ್ರತಿ ಹೋದರೂ ಲಕ್ಷ ಪ್ರತಿ ಹೋದರೂ ಯಾರಿಗೂ ಹೆಚ್ಚು ಕೊಡಬೇಕಾಗಿಲ್ಲ ಎಂದಮೇಲೆ ಎಣಿಸುವ ಉಸಾಬರಿ ಯಾರಿಗೆ ಬೇಕು? ಕಂಪನಿಗೆ ಎಷ್ಟು ಪೆಟ್ಟಿಗೆ ರವಾನೆಯಾಯಿತು ಎಂಬುದು ಗೊತ್ತಿರುತ್ತಿತ್ತು. ಜಾಹೀರಾತಿನಲ್ಲಿ ಅದು ಎಷ್ಟಾಗುತ್ತಿತ್ತೋ ಕೇಳುವವರಿರಲಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ. ಭಾರತಕ್ಕೆ ವಾರದ ಪಟ್ಟಿ ಹೊಸದೇನಲ್ಲ, ‘ಬಿನಾಕಾ ಗೀತ್‌ಮಾಲಾ’ ಇತ್ತಲ್ಲ ಎಂದು. ಇತ್ತು, ಅದೂ ಬ್ರಿಟನ್ನಿನ ಮೊದಲ ಪಟ್ಟಿ ಅಚ್ಚಾದ ಕೆಲವೇ ದಿನಗಳಲ್ಲಿ, 1952ರ ಡಿಸೆಂಬರಿನಲ್ಲಿ ಶುರುವಾಯಿತು. ವಾರ್ತಾ ಮತ್ತು ಪ್ರಸಾರ ಸಚಿವ ಬಿ.ವಿ. ಕೇಸ್ಕರ್ ಕಾಲದಲ್ಲಿ ಆಕಾಶವಾಣಿ ಸಿನಿಮಾ ಹಾಡನ್ನು ದೂರವಿಟ್ಟಾಗ ಅದು ರೇಡಿಯೊ ಸಿಲೋನ್‌ನಿಂದ ಬಂತು. ಅಮೀನ್ ಸಯಾನಿಯವರ ದನಿ ಇಲ್ಲಿನವರಿಗೂ ಪರಿಚಿತ. ಹಲ್ಲುಪುಡಿ, ಪೇಸ್ಟು ಮಾರುವ ಕಂಪನಿಗೆ ಕೇಳುಗರು ಬೇಕಿತ್ತು, ಅದಕ್ಕಾಗಿ ರೆಕಾರ್ಡ್ ಅಂಗಡಿಗಳ ಮಾರಾಟವನ್ನೂ ಶ್ರೋತೃ ಸಂಘಗಳ ಮತವನ್ನೂ ಸೇರಿಸಿ ಕ್ರಮ ಕಟ್ಟುತ್ತಿದ್ದರು. ನನ್ನ ಮಾತಿಗೆ ಇದು ಎದುರು ಹೋಗುವುದಿಲ್ಲ, ಸಾಕ್ಷಿಯೇ ಆಗುತ್ತದೆ. ದೇಶದಾದ್ಯಂತ ಮಾರುವ ಕಂಪನಿಗೆ ಹಿಂದಿಯ ಪಟ್ಟಿ ಲಾಭ. ಕನ್ನಡಕ್ಕೊಂದು ಪಟ್ಟಿ ಮಾಡಿಸಿ ಅಷ್ಟೇ ವರ್ಷ ಸಾಕಿದವರು ಸಿಗಲಿಲ್ಲ. ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಗಳಿಗೆ ಕಾರ್ಡುಗಳು ಹೋಗುತ್ತಿದ್ದವು ನಿಜ. ಒಂದು ಹಾಡಿಗೆ ಮುಂಚೆ ಊರು, ಮನೆಮಂದಿಯ ಹೆಸರು, ಗೆಳೆಯರ ಬಳಗ ಎಂದು ಓದುತ್ತಲೇ ಹೋಗುತ್ತಿದ್ದರು. ಓದಿಸಿಕೊಳ್ಳುವ ಆಸೆ ಅಲ್ಲಿ ಹಾಡಿನ ಆಸೆಯಷ್ಟೇ ಬಲವಾಗಿತ್ತು, ಹಾಗಾಗಿ ಅದನ್ನು ಜನಮತವೆಂದು ಪೂರ್ತಿ ನೆಚ್ಚಲಾಗದು. ಇನ್ನು ವಾರ ಎಣಿಸುವ ಹುಚ್ಚು ನಮಗೂ ಇತ್ತು, ಆದರೆ ಅದು ಚಿತ್ರಮಂದಿರದ ವಾರ: ಶತದಿನೋತ್ಸವ, 25 ವಾರ, ‘ಬಂಗಾರದ ಮನುಷ್ಯ’ ಬೆಂಗಳೂರಿನಲ್ಲಿ ಓಡಿದ ಎರಡು ವರ್ಷ. ಅಲ್ಲಿ ಟಿಕೆಟಿಗೆ ತೆರಿಗೆ ಇತ್ತು, ಹಂಚಿಕೆದಾರರ ಪಾಲಿತ್ತು, ಆದ್ದರಿಂದ ಎಣಿಕೆಯಿತ್ತು. ಎಣಿಸುವ ಬುದ್ಧಿ ನಮ್ಮ ಜನಕ್ಕೆ ಇರಲಿಲ್ಲ ಎನ್ನುವವರು ಗೂಡಿನ ಮಾರುಕಟ್ಟೆಯನ್ನೂ ಟಾಕೀಸಿನ ಗಲ್ಲಾಪೆಟ್ಟಿಗೆಯನ್ನೂ ನೋಡಬೇಕು.

ಒಂದು ವೇಳೆ ಯಾರಾದರೂ ಚನ್ನಪಟ್ಟಣದ, ಮಾಗಡಿಯ ಅಂಗಡಿಗಳಲ್ಲಿ ಕೂತು ಎಣಿಸಿದ್ದರೆ ಏನು ಸಿಗುತ್ತಿತ್ತು? ಅರ್ಧ ಸತ್ಯ. ಅಂಗಡಿಯಲ್ಲಿ ಕಂಪನಿ ಕ್ಯಾಸೆಟ್ಟಿನ ಪಕ್ಕದಲ್ಲೇ ರೆಕಾರ್ಡಿಂಗ್ ನಡೆಯುತ್ತಿತ್ತು: ಗಿರಾಕಿ ಖಾಲಿ ಕ್ಯಾಸೆಟ್ ಮತ್ತು ಚೀಟಿ ಕೊಡುತ್ತಾನೆ, ಹತ್ತಾರು ಚಿತ್ರಗಳಿಂದ ಆರಿಸಿದ ಹಾಡುಗಳು ಎರಡು ದಿನದಲ್ಲಿ ಒಂದೇ ಕ್ಯಾಸೆಟ್ಟಿಗೆ ತುಂಬಿ ಬರುತ್ತವೆ, ಲೇಬಲ್ಲಿನ ಮೇಲೆ ಪೆನ್ನಿನಲ್ಲಿ ಹಾಡಿನ ಮೊದಲ ಪದಗಳು. ಜನ ನಿಜವಾಗಿ ಯಾವ ಹಾಡನ್ನು ಬಯಸಿದರು ಎಂಬುದಕ್ಕೆ ಆ ಚೀಟಿಗಳಿಗಿಂತ ಒಳ್ಳೆಯ ಪುರಾವೆ ಇಲ್ಲ. ಆದರೆ ಅದು ಹಕ್ಕಿನ ಕಳವು, ಆದ್ದರಿಂದ ಯಾವ ಪುಸ್ತಕಕ್ಕೂ ಏರದ ವ್ಯಾಪಾರ. ಅಂಗಡಿಯಾಚೆ ಇನ್ನೂ ದೊಡ್ಡ ಲೋಕವಿತ್ತು. ಮದುವೆ ಚಪ್ಪರ, ಗಣೇಶನ ಪೆಂಡಾಲು, ಊರಹಬ್ಬ, ರಾಮನಗರದ ಕರಗ, ಎಲ್ಲಕ್ಕೂ ಮೈಕ್ ಸೆಟ್. ತೆಂಗಿನ ಮರಕ್ಕೆ ಕಟ್ಟಿದ ಹಾರನ್ನಿನಿಂದ ಒಂದೇ ಕ್ಯಾಸೆಟ್ ಬೆಳಗಿನ ಜಾವದಿಂದ ಊರಿಗೆಲ್ಲ ಕೇಳಿಸುತ್ತಿತ್ತು. ಕನಕಪುರದ ಖಾಸಗಿ ಬಸ್ಸಿನಲ್ಲಿ ಡ್ರೈವರ್ ಹಾಕಿದ್ದೇ ಹಾಡು; ರೇಷ್ಮೆ ಬಿಚ್ಚುವ ಕಡೆ, ಬೊಂಬೆ ಕಡೆಯುವ ಕಡೆ ರೇಡಿಯೊ. ಮಾರಾಟವಾದದ್ದು ಒಂದು ಪ್ರತಿ, ಕೇಳಿದವರು ಒಂದು ಹಳ್ಳಿ. ಬ್ರಿಟನ್ನಿನಲ್ಲಿ ಇದರ ತಿರುವುಮುರುವು ಆದದ್ದುಂಟು. 1997ರ ಸೆಪ್ಟೆಂಬರಿನಲ್ಲಿ ಡಯಾನಾ ನೆನಪಿಗೆ ಎಲ್ಟನ್ ಜಾನ್ ಹಾಡಿದ ಸಿಂಗಲ್ ಮೊದಲ ವಾರವೇ 15 ಲಕ್ಷ ಪ್ರತಿ ಹೋಯಿತು. ಕೊಂಡವರಲ್ಲಿ ಬಹಳ ಮಂದಿ ಅದನ್ನು ಕೊಂಡದ್ದು ಶ್ರದ್ಧಾಂಜಲಿ ಎಂದು. ಎಷ್ಟು ಬಾರಿ ಕೇಳಿದರು ಎಂಬುದು ಪಟ್ಟಿಗೆ ಸಂಬಂಧಿಸಿದ ವಿಷಯವೇ ಅಲ್ಲ.

ಹಾಗಾದರೆ ಪಟ್ಟಿ ಇಲ್ಲದ್ದೇ ಒಳ್ಳೆಯದಾಯಿತಲ್ಲ ಎನ್ನುವವರಿದ್ದಾರೆ. ಅವರ ಮಾತಿಗೆ ಆಧಾರವಿಲ್ಲದಿಲ್ಲ. ದಶಕ ಮುಗಿಯುತ್ತ ಬಂದಂತೆ ಬ್ರಿಟನ್ನಿನ ಕಂಪನಿಗಳು ಬಿಡುಗಡೆಗೆ ವಾರಗಟ್ಟಲೆ ಮೊದಲೇ ರೇಡಿಯೊದಲ್ಲಿ ಹಾಡು ಹರಿಯಬಿಟ್ಟು, ಮೊದಲ ವಾರ ಬೆಲೆ ಇಳಿಸಿ, ನೇರ ಮೇಲಿನ ಸ್ಥಾನಕ್ಕೇ ಹಾಡನ್ನು ಏರಿಸುವುದನ್ನು ಕಲಿತವು. ಏರಿದಷ್ಟೇ ಬೇಗ ಅದು ಇಳಿಯುತ್ತಿತ್ತು. 2000ದಲ್ಲಂತೂ ಒಂದೇ ವರ್ಷದಲ್ಲಿ 40ಕ್ಕೂ ಹೆಚ್ಚು ಹಾಡುಗಳು ಮೊದಲ ಸ್ಥಾನ ಮುಟ್ಟಿ ಬಂದವು. ಪಟ್ಟಿ ಕುರುಡೂ ಆಗಿತ್ತು. ಬರ್ಮಿಂಗ್‌ಹ್ಯಾಮ್, ಸೌತಾಲ್‌ಗಳಲ್ಲಿ ಪಂಜಾಬಿ ಭಾಂಗ್ರಾ ಕ್ಯಾಸೆಟ್‌ಗಳು ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾಗುತ್ತಿದ್ದರೂ ಅವು ಹೋಗುತ್ತಿದ್ದದ್ದು ಏಷ್ಯನ್ನರ ದಿನಸಿ, ಬಟ್ಟೆ ಅಂಗಡಿಗಳಲ್ಲಿ. ಪಟ್ಟಿಯವರ ಯಂತ್ರ ಅಲ್ಲಿರಲಿಲ್ಲ, ಹಾಗಾಗಿ ಅಷ್ಟು ದೊಡ್ಡ ಸಂಗೀತ ಲೆಕ್ಕಕ್ಕೇ ಬರಲಿಲ್ಲ. ಆಶಾ ಭೋಸ್ಲೆಯವರನ್ನು ನೆನೆಯುವ ಕಾರ್ನರ್‌ಶಾಪ್ ತಂಡದ ಹಾಡು 1998ರ ಫೆಬ್ರವರಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಇಂಗ್ಲಿಷಿನಲ್ಲಿ, ಡಿಜೆಯೊಬ್ಬ ಹೊಸದಾಗಿ ಅಣಿಗೊಳಿಸಿಕೊಟ್ಟ ಮೇಲೆ. ಇಷ್ಟೆಲ್ಲ ಇದ್ದರೂ ಅಲ್ಲೊಂದು ಅನುಕೂಲ ಉಳಿಯುತ್ತದೆ. ಭಾಂಗ್ರಾ ಬಿಟ್ಟುಹೋಗಿದೆ ಎಂದು ಬೆರಳಿಟ್ಟು ತೋರಿಸಲು ಅವರಿಗೆ ಒಂದು ಪಟ್ಟಿ ಇದೆ. ನಮ್ಮಲ್ಲಿ ಯಾರು ಬಿಟ್ಟುಹೋದರು ಎಂದು ತೋರಿಸುವುದಕ್ಕೂ ಆಧಾರವಿಲ್ಲ.

ಬಿಟ್ಟುಹೋದವರು ಈ ಸೀಮೆಯವರೇ ಎಂಬುದು ನನ್ನ ಮನಸ್ಸನ್ನು ಚುಚ್ಚುವ ಸಂಗತಿ. ತೊಂಬತ್ತರ ಕನ್ನಡ ಹಾಡು ಎಂದೊಡನೆ ಇಂದು ನೆನಪಾಗುವುದು ಸಿನಿಮಾ ಒಂದೇ. ಆದರೆ ಕನಕಪುರ, ರಾಮನಗರ, ಚನ್ನಪಟ್ಟಣಗಳಿಂದ ಶಿವರಾತ್ರಿಗೆ ಸಂಗಮದ ಬಳಿ ಕಾವೇರಿ ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವ ಜನಕ್ಕೆ ಮಾದಪ್ಪನ ಹಾಡು ಬೇಕಿತ್ತು. ಪಕ್ಕದ ಮಳವಳ್ಳಿ ಮಹದೇವಸ್ವಾಮಿಯವರ ತಂಬೂರಿ ಕಥೆಗಳು ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಬಂದವು. ಅಪ್ಪಗೆರೆ ತಿಮ್ಮರಾಜು, ಬಾನಂದೂರು ಕೆಂಪಯ್ಯ ತಮ್ಮ ಊರ ಹೆಸರನ್ನೇ ಮುಂದಿಟ್ಟುಕೊಂಡು ಜನಪದ ಗೀತೆಗಳನ್ನು ವೇದಿಕೆಗೆ ತಂದರು. ಗುರುರಾಜುಲು ನಾಯ್ಡು ಅವರು ತೀರಿಕೊಂಡು ವರ್ಷಗಳಾದರೂ ಅವರ ಹರಿಕಥೆ ನಿಲ್ಲಲಿಲ್ಲ. ‘ಕುರುಕ್ಷೇತ್ರ’ ಆಡುವ ಊರುಗಳಲ್ಲಿ ನಾಟಕದ ಕಂದಪದ್ಯಗಳನ್ನು ಕ್ಯಾಸೆಟ್ ಕೇಳಿಯೇ ಕಲಿತರು. ಇವೆಲ್ಲ ಸಿನಿಮಾದಷ್ಟೇ ಜನಪ್ರಿಯವಾಗಿದ್ದವು ಎಂದು ಎಣಿಕೆಯಿಲ್ಲದೆ ಹೇಗೆ ಹೇಳುತ್ತೀರಿ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಿನಿಮಾದಷ್ಟೇ ಎಂದು ನಾನು ಹೇಳಲಾರೆ. ಸಿನಿಮಾದವರೇ ಬಂದು ಕೊಂಡುಹೋಗುವಷ್ಟಿತ್ತು ಎಂದು ಹೇಳಬಲ್ಲೆ. 1996ರ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಮಾದಪ್ಪನ ಪರಂಪರೆಯ ‘ಕೋಲುಮಂಡೆ ಜಂಗಮ’ವನ್ನು ತಂದರು, ಎಲ್.ಎನ್. ಶಾಸ್ತ್ರಿ ಹಾಡಿದರು, ಅದಕ್ಕೆ ರಾಜ್ಯ ಪ್ರಶಸ್ತಿ ಬಂತು, ಚಿತ್ರ 25 ವಾರ ದಾಟಿ ಓಡಿತು. ಮರುವರ್ಷ ಆ ಚಿತ್ರದ ನಿರ್ದೇಶಕ ನಾಗಾಭರಣ ‘ನಾಗಮಂಡಲ’ಕ್ಕೆ ಸಿ. ಅಶ್ವತ್ಥರನ್ನು ಕರೆದರು. ಕೇಳುಗರಿಲ್ಲದ ಮಟ್ಟಿಗೆ ವ್ಯಾಪಾರಿ ದುಡ್ಡು ಹೂಡುವುದಿಲ್ಲ.

ಶಾಸ್ತ್ರಿಯವರ ಗಾಯನ ಆ ಪ್ರಶಸ್ತಿಗೆ ಪೂರ್ತಿ ಯೋಗ್ಯ. ಆದರೆ ಆ ಹಾಡನ್ನು ತಲೆಮಾರುಗಳಿಂದ ಕಂಸಾಳೆ ಹಿಡಿದು ಕಾಪಾಡಿದ ದೇವರಗುಡ್ಡರ ಪಾಲು ಯಾವ ಪುಸ್ತಕದಲ್ಲಿದೆ? ಬ್ರಿಟನ್ನಿನಲ್ಲಿ ವಾರದ ಪಟ್ಟಿ ಬೇರೆ, ರಾಯಧನದ ಲೆಕ್ಕ ಬೇರೆ, ನಿಜ. ಆದರೆ ಹಾಡು ಎಲ್ಲಿ ಎಷ್ಟು ಬಾರಿ ಕೇಳಿಸಿತು ಎಂದು ಬರೆದುಕೊಂಡು ಕರ್ತೃಗಳಿಗೆ ಹಣ ಮುಟ್ಟಿಸುವ ಸಂಘ ಅಲ್ಲಿ 1914ರಿಂದಲೂ ಇದೆ. ಎಣಿಸುವ ರೂಢಿ ಎರಡಕ್ಕೂ ಒಂದೇ. ನಮ್ಮಲ್ಲಿ ಪ್ರದರ್ಶನಕಾರರ ಹಕ್ಕು ಕಾಯ್ದೆಗೆ ಸೇರಿದ್ದು 1994ರಲ್ಲಿ. ಚಿತ್ರಗೀತೆ ಬರೆದವರ, ಸಂಯೋಜಿಸಿದವರ ರಾಯಧನವನ್ನು ಯಾರೂ ಬರೆಸಿಕೊಂಡುಬಿಡಲಾಗದಂತೆ ಮಾಡಿದ್ದು 2012ರ ತಿದ್ದುಪಡಿ. ಅಷ್ಟರಲ್ಲಿ ಕ್ಯಾಸೆಟ್ಟಿನ ಕಾಲವೇ ಮುಗಿದಿತ್ತು. ಕರ್ತೃವಿನ ಹೆಸರಿಲ್ಲದ ಜನಪದ ಹಾಡಿಗೆ ಆ ತಿದ್ದುಪಡಿಯೂ ಏನೂ ಕೊಡಲಿಲ್ಲ.

ಕಾಯ್ದೆ ತಿದ್ದಿದ ಅದೇ 1994ರ ಮಾರ್ಚಿನಲ್ಲಿ ಎಚ್.ಎಲ್. ನಾಗೇಗೌಡರ ಜಾನಪದ ಲೋಕ ರಾಮನಗರ–ಚನ್ನಪಟ್ಟಣದ ನಡುವೆ ಹೆದ್ದಾರಿ ಪಕ್ಕದಲ್ಲಿ ತೆರೆದುಕೊಂಡಿತು. ಹಳ್ಳಿಗಳಲ್ಲಿ ಧ್ವನಿಮುದ್ರಿಸಿಕೊಂಡ ಹಾಡುಗಳು ಅಲ್ಲಿ ಇವೆ, ಹಾಡಿದವರ ಹೆಸರು ಊರಿನೊಂದಿಗೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಹಾಡಿಗಾಗಿ ಇಷ್ಟು ದೊಡ್ಡದಾಗಿ, ಇಷ್ಟು ಶ್ರದ್ಧೆಯಿಂದ ದಾಖಲೆ ಇಟ್ಟ ಕೆಲಸ ಇನ್ನೊಂದಿಲ್ಲ. ಆದರೆ ಆ ಸಂಗ್ರಹದ ಕಣ್ಣು ಹಾಡುವವರ ಮೇಲಿತ್ತು, ಕೇಳುವವರ ಲೆಕ್ಕ ಅದರ ಉದ್ದೇಶವಾಗಿರಲಿಲ್ಲ. ಕೇಳುವವರ ದಾಖಲೆ ಇರುವುದು ಮೈಕ್ ಸೆಟ್‌ನವರ ಮನೆಯ ಅಟ್ಟದಲ್ಲಿ, ಮುಚ್ಚಿದ ಕ್ಯಾಸೆಟ್ ಅಂಗಡಿಗಳ ರಟ್ಟಿನ ಪೆಟ್ಟಿಗೆಗಳಲ್ಲಿ. ಯಾವ ಕ್ಯಾಸೆಟ್ಟಿನ ಲೇಬಲ್ ಬೆರಳು ತಾಗಿ ಅಳಿಸಿದೆ, ಯಾವುದರ ರೀಲು ತುಂಡಾಗಿ ಅಂಟು ಹಾಕಿಸಿಕೊಂಡಿದೆ, ಯಾವುದು ಒಂದೇ ಹಾಡಿನ ಜಾಗದಲ್ಲಿ ಸವೆದು ದನಿ ಮಂಕಾಗಿದೆ ಎಂದು ತಾಳ್ಮೆಯಿಂದ ನೋಡಿದರೆ ಹಬ್ಬದ ದಿನ ಜನ ಏನು ಹಾಕಿಸಿಕೊಂಡರು ಎಂಬುದು ತಿಳಿಯುತ್ತದೆ. ಗಿರಾಕಿಗಳ ಚೀಟಿ ಒಂದೆರಡು ಕಟ್ಟು ಸಿಕ್ಕರೂ ಸಾಕು, ಗಲ್ಲಾದ ಯಂತ್ರ ಕೊಡಲಾರದ ವಿವರ ಅದು. ಟೇಪಿನ ಮೇಲಿನ ಲೇಪ ತೇವಕ್ಕೆ ಉದುರುತ್ತದೆ, ಮೈಕ್ ಸೆಟ್ ನಡೆಸಿದವರಿಗೆ ವಯಸ್ಸಾಗುತ್ತಿದೆ. ಈ ಕೆಲಸವನ್ನು ಜಿಲ್ಲೆಯ ಕಾಲೇಜುಗಳು ಜಾನಪದ ಲೋಕದೊಂದಿಗೆ ಸೇರಿ ಹೋಬಳಿ ಹೋಬಳಿಯಾಗಿ ಹಂಚಿಕೊಂಡು ಈ ವರ್ಷವೇ ಶುರುಮಾಡಬಹುದು; ಮೊದಲು ಹೋಗಬೇಕಾದದ್ದು ಕನಕಪುರದಿಂದ ಸಂಗಮಕ್ಕೆ ಹೋಗುವ ದಾರಿಯ ಊರುಗಳಿಗೆ, ಮಾದಪ್ಪನ ಕ್ಯಾಸೆಟ್‌ಗಳನ್ನು ಇನ್ನೂ ಎಸೆಯದೆ ಇಟ್ಟುಕೊಂಡವರು ಹೆಚ್ಚಾಗಿ ಸಿಗುವುದು ಅಲ್ಲೇ.