ಬ್ರೀಚ್ ಹೆರಿಗೆಯ ಗಾಯ ಮತ್ತು ವೈದ್ಯರ ಹೊಣೆ: 1859ರ ಬರ್ಲಿನ್ ಪ್ರಕರಣದ ಮರುಪರಿಶೀಲನೆ

ದಿನ ತುಂಬಿದ ಗರ್ಭಗಳಲ್ಲಿ ನೂರಕ್ಕೆ ಮೂರು ನಾಲ್ಕರಲ್ಲಿ ಮಗುವಿನ ತಲೆ ಮೇಲಿದ್ದು ಪೃಷ್ಠ ಕೆಳಗಿರುತ್ತದೆ. ವೈದ್ಯರು ಬ್ರೀಚ್ ಎನ್ನುವುದು, ‘ಮಗು ಉಲ್ಟಾ ಇದೆ’ ಎಂದು ನಮ್ಮಲ್ಲಿ ಹೇಳುವುದು ಇದನ್ನೇ. ಇಂಥ ಹೆರಿಗೆಯಲ್ಲಿ ತಲೆ ಕಟ್ಟಕಡೆಗೆ ಬರುತ್ತದೆ. ಮಗುವಿನ ಹೊಕ್ಕುಳ ಭಾಗ ಹೊರಬಂದ ಮೇಲೆ ಹೊಕ್ಕುಳಬಳ್ಳಿ ಒತ್ತಡಕ್ಕೆ ಸಿಕ್ಕಿ ರಕ್ತ ಸಂಚಾರ ತಗ್ಗುತ್ತದೆ. ತಡವಾದರೆ ಮಗುವಿಗೆ ಉಸಿರು ಕಟ್ಟುತ್ತದೆ. ಅವಸರಪಟ್ಟು ಎಳೆದರೋ, ತೋಳು ಮೇಲಕ್ಕೆ ಸರಿದು ತಲೆಯ ಹಿಂದೆ ಸಿಕ್ಕಿಕೊಳ್ಳುತ್ತದೆ. ಅದನ್ನು ಬಲವಂತದಿಂದ ಬಿಡಿಸುವಾಗ ಕುತ್ತಿಗೆಯಿಂದ ತೋಳಿಗಿಳಿಯುವ ನರಗಳು ಜಗ್ಗಿ ಹರಿಯಬಹುದು. ಇಂಥ ಗಾಯವಾದಾಗ ವಿಚಾರಣೆಯೆಲ್ಲ ಎಳೆದ ಕೈಯ ಸುತ್ತ ನಡೆಯುತ್ತದೆ. ಆ ಕೈ ಕೋಣೆಗೆ ಬರುವ ಮುಂಚಿನ ಗಂಟೆಗಳಲ್ಲಿ ಏನಾಯಿತು ಎಂಬುದನ್ನೂ ಅಷ್ಟೇ ನಿಷ್ಠುರವಾಗಿ ಕೇಳಬೇಕು ಎಂಬುದು ಈ ಲೇಖನದ ವಾದ.

1859ರ ಜನವರಿ 27ರಂದು ಬರ್ಲಿನ್ನಿನ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯ ಹಿರಿಯ ಮಗಳಿಗೆ ಚೊಚ್ಚಲ ಹೆರಿಗೆಯಾಯಿತು. ಆಕೆಗೆ ಆಗ 18 ವರ್ಷ. ಹುಟ್ಟಿದ ಗಂಡುಮಗುವೇ ಮುಂದೆ ಜರ್ಮನಿಯ ಚಕ್ರವರ್ತಿಯಾದ ಎರಡನೆಯ ವಿಲ್ಹೆಲ್ಮ್. ನೋವು ಶುರುವಾದಾಗ ಜೊತೆಯಲ್ಲಿದ್ದವರು ಆಸ್ಥಾನ ವೈದ್ಯ ವೆಗ್ನರ್, ಇಂಗ್ಲೆಂಡಿನಿಂದ ಬಂದಿದ್ದ ಸರ್ ಜೇಮ್ಸ್ ಕ್ಲಾರ್ಕ್ ಮತ್ತು ಒಬ್ಬ ಸೂಲಗಿತ್ತಿ. ಪ್ರಸೂತಿ ಪ್ರಾಧ್ಯಾಪಕ ಎಡ್ವರ್ಡ್ ಮಾರ್ಟಿನ್ ಅದೇ ಊರಿನಲ್ಲಿದ್ದರು. ಅವರನ್ನು ಕರೆಯಲು ಬರೆದ ಚೀಟಿ ಆಳಿನ ಕೈಯಲ್ಲಿ ನೇರವಾಗಿ ತಲುಪಲಿಲ್ಲ, ಅಂಚೆಗೆ ಬಿತ್ತು! ಅದು ಅವರ ಕೈಸೇರುವ ಹೊತ್ತಿಗೆ ಬೆಳಗಿನ ಹೊತ್ತು ಬಹಳ ಏರಿತ್ತು. ಅಷ್ಟರಲ್ಲಿ ತಾಯಿ ಇಡೀ ರಾತ್ರಿಯ ನೋವಿನಿಂದ ಸೋತಿದ್ದಳು.

ಮುಂದಿನದು ಮಾರ್ಟಿನ್ ಬರೆದ ವರದಿಯಿಂದ, ಅದನ್ನು ಆಧರಿಸಿ ಚರಿತ್ರಕಾರ ಜಾನ್ ರ‍್ಯೋಲ್ ಕಟ್ಟಿಕೊಟ್ಟ ವಿವರಗಳಿಂದ ತಿಳಿಯುತ್ತದೆ. ತಾಯಿಗೆ ಕ್ಲೋರೋಫಾರ್ಮ್ ಕೊಡಲಾಯಿತು. ಮಗುವಿನ ಕಾಲುಗಳು ಹೊಟ್ಟೆಗುಂಟ ಮೇಲಕ್ಕೆ ಚಾಚಿದ್ದವು, ಎಡತೋಳು ತಲೆಯ ಹಿಂದಕ್ಕೆ ಹೋಗಿತ್ತು. ಮಾರ್ಟಿನ್ ಕಾಲುಗಳನ್ನು ಬಿಡಿಸಿ, ಎಡತೋಳನ್ನು ಬಲವಾಗಿ ಕೆಳಗೆ ಎಳೆದು, ಅದೇ ತೋಳನ್ನು ಹಿಡಿದು ದೇಹವನ್ನು ತಿರುಗಿಸಿ, ಇನ್ನೊಂದು ತೋಳನ್ನೂ ತಲೆಯನ್ನೂ ಹೊರತಂದರು. ಮಗು ಉಸಿರಾಡಲಿಲ್ಲ, ಉಜ್ಜಿ ತಟ್ಟಿದ ಮೇಲೆ ಅತ್ತಿತು. ಎಡಗೈ ಜೋತುಬಿದ್ದಿದೆ ಎಂಬುದು ಗಮನಕ್ಕೆ ಬಂದದ್ದು ಕೆಲವು ದಿನಗಳ ನಂತರ.

ಆ ಕೈ ಕೊನೆಯವರೆಗೂ ಪೂರ್ತಿ ಬೆಳೆಯಲಿಲ್ಲ. ಬಲಗೈಗಿಂತ ಸುಮಾರು 15 ಸೆಂಟಿಮೀಟರ್ ಗಿಡ್ಡವಾಗಿಯೇ ಉಳಿಯಿತು. ಎಳೆಗೂಸಿನ ಬಲಗೈಯನ್ನು ಮೈಗೆ ಕಟ್ಟಿ ಎಡಗೈ ಆಡಿಸುವಂತೆ ಒತ್ತಾಯಿಸಿದರು, ಆಗತಾನೆ ಕೊಂದ ಮೊಲದ ಬಿಸಿ ಒಡಲೊಳಗೆ ಕೈಯನ್ನು ಇರಿಸಿದರು, ವಿದ್ಯುತ್ ಹರಿಸಿದರು. ಓದುವಾಗ ಸಂಕಟವಾಗುತ್ತದೆ. ಗಾಯ ಯಾವುದೆಂದೇ ತಿಳಿಯದೆ ಮಾಡಿದ ಚಿಕಿತ್ಸೆಗಳಿವು. ಪ್ರಸೂತಿ ವೈದ್ಯ ವಿಲಿಯಂ ಸ್ಮೆಲ್ಲಿ 18ನೆಯ ಶತಮಾನದಲ್ಲೇ ನವಜಾತ ಶಿಶುವಿನ ತೋಳಿನ ಪಾರ್ಶ್ವವಾಯುವನ್ನು ವರ್ಣಿಸಿದ್ದರೂ, ಅದು ಹೆರಿಗೆಯ ನರಗಾಯವೆಂದು ನರತಜ್ಞ ಡ್ಯೂಶೆನ್ ಗುರುತಿಸಿದ್ದು 1872ರಲ್ಲಿ. ಕುತ್ತಿಗೆಯ ಯಾವ ನರಬೇರುಗಳಿಗೆ ಪೆಟ್ಟಾಗಿದೆಯೆಂದು ಇನ್ನೊಬ್ಬ ನರತಜ್ಞ ಎರ್ಬ್ ತೋರಿಸಿದ್ದು 1874ರಲ್ಲಿ. ತನ್ನ ಕೈ ಊನವಾಗಲು ಇಂಗ್ಲಿಷ್ ವೈದ್ಯನೇ ಕಾರಣ ಎಂದು ವಿಲ್ಹೆಲ್ಮ್ ಮುಂದೆ ದೂರಿದ್ದು ದಾಖಲಾಗಿದೆ. ತೋಳನ್ನು ಎಳೆದವರು ಮಾತ್ರ ಜರ್ಮನ್ ಪ್ರಾಧ್ಯಾಪಕರು.

ಹಾಗಾದರೆ ತಪ್ಪು ಮಾರ್ಟಿನ್‌ರದೇ? ಅಂದು ಸಿಸೇರಿಯನ್ ಎಂದರೆ ತಾಯಿಯ ಸಾವು ಬಹುಮಟ್ಟಿಗೆ ಖಚಿತ. ಶಸ್ತ್ರವೈದ್ಯ ಲಿಸ್ಟರರ ನಂಜುನಿರೋಧಕ ಪದ್ಧತಿ ಪ್ರಕಟವಾಗಿದ್ದೇ 1867ರಲ್ಲಿ. ತೋಳು ಹಿಡಿಯದೆ, ಮಗುವಿನ ಸೊಂಟವನ್ನು ಹಿಡಿದು ದೇಹವನ್ನು ತಿರುಗಿಸಿ, ತೋಳು ತಾನಾಗಿ ಕೆಳಗಿಳಿಯುವಂತೆ ಮಾಡುವ ಕ್ರಮವನ್ನು ನಾರ್ವೆಯ ವೈದ್ಯ ಲ್ಯೋವ್‌ಸೆಟ್ ವಿವರಿಸಿದ್ದು 1930ರ ದಶಕದಲ್ಲಿ. ಅಂದಿನ ತಿಳಿವಳಿಕೆಯಲ್ಲಿ, ಉಸಿರು ಕಟ್ಟುತ್ತಿದ್ದ ಮಗುವನ್ನು ಮಾರ್ಟಿನ್ ಉಳಿಸಿದರು, ತಾಯಿಯನ್ನೂ ಉಳಿಸಿದರು. ನನ್ನ ದೃಷ್ಟಿಯಲ್ಲಿ ಹೆಚ್ಚಿನ ಹೊಣೆ ನುರಿತವರನ್ನು ಹೊತ್ತಿಗೆ ಸರಿಯಾಗಿ ಕರೆಸದ ಅರಮನೆಯ ವ್ಯವಸ್ಥೆಯದು.

ಕೈಹಾಕುವ ಮುಂಚಿನ ಹೊಣೆಯ ವಿಚಾರ ನಮ್ಮ ಪರಂಪರೆಗೂ ಹೊಸದಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯ ಮೂಢಗರ್ಭವನ್ನು, ಎಂದರೆ ಹೆರಿಗೆಯಲ್ಲಿ ಸಿಕ್ಕಿಕೊಂಡ ಮಗುವನ್ನು, ಹೊರತೆಗೆಯುವುದಕ್ಕಿಂತ ಕಷ್ಟದ ಕೆಲಸವಿಲ್ಲ ಎನ್ನುತ್ತದೆ. ಅಧಿಪತಿಯ ಅನುಮತಿ ಪಡೆದೇ ಕೈಹಾಕಬೇಕೆಂದು ವಿಧಿಸುತ್ತದೆ. ಪೃಷ್ಠ ಮುಂದಾದಾಗ ಅದನ್ನು ಮೇಲಕ್ಕೊತ್ತಿ ಕಾಲುಗಳನ್ನು ಬಿಡಿಸುವ ವಿಧಾನವೂ ಅಲ್ಲಿದೆ. ಆದರೆ ಆ ಅನುಮತಿಯಲ್ಲಿ ಹೆರುವವಳ ಮಾತಿಗೆ ಜಾಗವಿಲ್ಲ. ಭಾರತದಲ್ಲಿ ಆ ಜಾಗ ಸ್ಪಷ್ಟವಾಗಲು 2008ರ ಸಮೀರಾ ಕೊಹ್ಲಿ ತೀರ್ಪಿನವರೆಗೆ ಕಾಯಬೇಕಾಯಿತು. ಚಿಕಿತ್ಸೆಯ ಅಪಾಯವನ್ನೂ ಬೇರೆ ದಾರಿಗಳನ್ನೂ ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಇನ್ನು ತಪ್ಪಾದಾಗಿನ ಹೊಣೆಯ ಮಾತು: ವೈದ್ಯಸೇವೆಯನ್ನು ಗ್ರಾಹಕ ಕಾನೂನಿನಡಿ ತಂದದ್ದು 1995ರ ಶಾಂತಾ ಪ್ರಕರಣ. ಸಾಮಾನ್ಯ ಎಡವಟ್ಟಿಗೆ ಕ್ರಿಮಿನಲ್ ಮೊಕದ್ದಮೆ ಸಲ್ಲದು, ಘೋರ ನಿರ್ಲಕ್ಷ್ಯ ಇರಬೇಕು ಎಂದದ್ದು 2005ರ ಜೇಕಬ್ ಮ್ಯಾಥ್ಯೂ ತೀರ್ಪು.

ಕಾನೂನಿನ ದಾರಿ ಇದಾದರೆ, ಬ್ರೀಚ್ ಹೆರಿಗೆಯಲ್ಲಿ ವೈದ್ಯಲೋಕದ ರೂಢಿಯನ್ನು ತಿರುಗಿಸಿದ್ದು 2000ದಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಟರ್ಮ್ ಬ್ರೀಚ್ ಟ್ರಯಲ್. 26 ದೇಶಗಳ 2,088 ಮಹಿಳೆಯರ ಅಧ್ಯಯನದಲ್ಲಿ ಶಿಶುವಿನ ಸಾವು ಅಥವಾ ಗಂಭೀರ ತೊಂದರೆ, ಸಿಸೇರಿಯನ್ ಯೋಜಿಸಿದ ಗುಂಪಿನಲ್ಲಿ ಶೇ. 1.6, ಸಹಜ ಹೆರಿಗೆ ಯೋಜಿಸಿದ ಗುಂಪಿನಲ್ಲಿ ಶೇ. 5. ಹಲವು ದೇಶಗಳ ಆಸ್ಪತ್ರೆಗಳಲ್ಲಿ ಬ್ರೀಚ್ ಎಂದರೆ ಆಪರೇಷನ್ ಎಂದಾಯಿತು. ಎರಡು ವರ್ಷ ತುಂಬಿದ ಮಕ್ಕಳಲ್ಲಿ ಸಾವು ಮತ್ತು ನರ ಬೆಳವಣಿಗೆಯ ಹಿನ್ನಡೆಯನ್ನು ನೋಡಿದಾಗ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ ಎಂದು 2004ರಲ್ಲಿ ವರದಿಯಾಯಿತು. ಅಷ್ಟರಲ್ಲಿ ರೂಢಿ ಬದಲಾಗಿತ್ತು, ಸಹಜ ಬ್ರೀಚ್ ಹೆರಿಗೆಯ ಕೈಚಳಕ ಕಲಿಸುವವರು ಕಡಿಮೆಯಾಗತೊಡಗಿದ್ದರು.

ಇದರ ಪರಿಣಾಮ ಕಾಣುವುದು ಪೃಷ್ಠ ಹೊರಗೆ ಕಾಣುವ ಹಂತದಲ್ಲಿ ಗರ್ಭಿಣಿ ಸಣ್ಣ ಆಸ್ಪತ್ರೆಗೆ ಬಂದಾಗ. ಆಪರೇಷನ್ನಿಗೆ ಹೊತ್ತಿಲ್ಲ; ಡ್ಯೂಟಿಯಲ್ಲಿರುವ ವೈದ್ಯೆ ಬ್ರೀಚ್ ಹೆರಿಗೆಯನ್ನು ಕಣ್ಣಾರೆ ಕಂಡೇ ಇರುವುದಿಲ್ಲ. ಗಾಯವಾದರೆ ದೂರು ಅವಳೊಬ್ಬಳ ಮೇಲೆ. 36ನೆಯ ವಾರದಲ್ಲಿ ಹೊಟ್ಟೆ ಮುಟ್ಟಿ ಮಗುವಿನ ಭಂಗಿ ನೋಡಿ ತಾಯಿ ಕಾರ್ಡಿನಲ್ಲಿ ಬರೆಯುವುದು, ಉಲ್ಟಾ ಇದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸುವುದು, ಪ್ರಸೂತಿ ಕಲಿಯುವ ಪ್ರತಿಯೊಬ್ಬರಿಗೂ ಗೊಂಬೆಯ ಮೇಲೆ ಈ ಹೆರಿಗೆಯನ್ನು ಮಾಡಿಸಿ ಕಲಿಸುವುದು, ಈ ಮೂರನ್ನೂ ಆರೋಗ್ಯ ಇಲಾಖೆ ಮತ್ತು ವೈದ್ಯಕೀಯ ಕಾಲೇಜುಗಳು ಕಡ್ಡಾಯ ಮಾಡಬೇಕು. ಗಾಯದ ತನಿಖೆಯಲ್ಲಿ ಮೊದಲು ಕೇಳಬೇಕಾದದ್ದೂ ಇವು ನಡೆದಿದ್ದವೇ ಎಂದು.